ಬೋಟಿನ ಡಬ್ಬಿಯಲ್ಲಿ ಹತ್ತು ಗುಳಿಗೆ

ಅಂಕೋಲೆಯ ಬಸ್ಸಿನಲ್ಲಿ ಕಂಡಕ್ಟರ್ "ಬಾಳೆಗುಳಿ" ಎಂದು ಕೂಗುವುದನ್ನು ನಾನು ಅವನಿಗಿಂತ ಚೆನ್ನಾಗಿ ಕೂಗುತ್ತೇನೆ. ಒಮ್ಮೆ ನನ್ನ ಕೂಗು ನಂಬಿ ಇಬ್ಬರು ಹೆಂಗಸರು ಒಂದು ಸ್ಟಾಪ್ ಮೊದಲೇ ಇಳಿದು, ಕಿಟಕಿಯ ಕೆಳಗೆ ನಿಂತು ನನ್ನ ಜನ್ಮ ಜಾಲಾಡಿದ್ದರು. ಮೀನು ಹರಾಜು ಕೂಗುವವನು, ಸೀನುವ ನಮ್ಮ ಆಯಿ, ಕನ್ನಡಿ ಕಂಡರೆ ತಲೆ ಬಾಚುವ ನಾನು, ಯಾರನ್ನೂ ಅಣಕಿಸದೆ ಬಿಟ್ಟವನಲ್ಲ. ಹಾಗಾಗಿ ಮಾವನಿಗೆ ಮಲೇರಿಯಾ ಬಂದಾಗ ಮನೆಗೆ ಬಂದ ನರ್ಸ್‌ಬಾಯಿಯನ್ನು ಬಿಡುವ ಮಾತೇ ಇರಲಿಲ್ಲ.

ಮಾವ ಎಂದರೆ ಆಯಿಯ, ಅಂದರೆ ನನ್ನ ಅಮ್ಮನ ತಮ್ಮ, ಬೈತಖೋಲ ಬಂದರಿನ ಟ್ರಾಲರ್ ಬೋಟಿನಲ್ಲಿ ದುಡಿಯುವವನು. ನರ್ಸ್‌ಬಾಯಿ ಹದಿನಾಲ್ಕು ದಿನದ ಗುಳಿಗೆ ಕೊಟ್ಟು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಜ್ವರ ಬಿಟ್ರೂ ಗುಳಿಗೆ ಬಿಡೂಕಾಗ. ಪೂರಾ ತಿನ್ಬೇಕು, ತಿಳೀತಾ?" ಎಂದರು. ಮರುದಿನವೇ ಬಂದರಿನಲ್ಲಿ ಅದನ್ನು ಮಾಡಿ ತೋರಿಸಿದೆ. ಬೋಟಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಯಾರಾದರೂ ತಟ್ಟೆಯಲ್ಲಿ ಅನ್ನ ಬಿಟ್ಟರೂ "ಪೂರಾ ತಿನ್ಬೇಕು, ತಿಳೀತಾ?" ಎಂದು ನಗುವುದೇ ಆಯಿತು. ಮಾತು ಎಲ್ಲರ ಬಾಯಲ್ಲೂ ಇತ್ತು, ಯಾರ ಕಿವಿಗೂ ಹೋಗಲಿಲ್ಲ.

ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು. ಉಳಿದ ಹತ್ತು ಗುಳಿಗೆಯನ್ನು ಮಾವ ಬೋಟಿನ ಡಬ್ಬಿಗೆ ಹಾಕಿದ. ಬೋಟಿನಲ್ಲಿ ಮೀನಿಗೆ ಪಾಲು, ಬೀಡಿಗೆ ಪಾಲು. ಗುಳಿಗೆಯೊಂದನ್ನೇ ಒಬ್ಬ ಇಟ್ಟುಕೊಳ್ಳುವುದು ಹೇಗೆ? ಚಳಿ ಎಂದವನು ಎರಡು ನುಂಗಿದ, ತಲೆನೋವು ಎಂದವನು ಒಂದು. ಇಬ್ಬರೂ ಮಾವನನ್ನು ಹೊಗಳಿದರು.

ಎರಡು ತಿಂಗಳಾಗಿರಬೇಕು, ಮಾವ ಮತ್ತೆ ಎರಡು ಕಂಬಳಿಯೊಳಗೆ ನಡುಗುತ್ತಿದ್ದ. ಅವನ ಹಲ್ಲು ಕಟಕಟ ಎನ್ನುವುದನ್ನು ನಾನು ಅಣಕಿಸಲು ಶುರು ಮಾಡಿದೆ. ಆಯಿ ತಿರುಗಿ ನೋಡಿದಳು. ನಿಲ್ಲಿಸಿದೆ.

ನರ್ಸ್‌ಬಾಯಿ ರಕ್ತ ತೆಗೆದರು. ಮತ್ತೆ ಮಲೇರಿಯಾವೇ. ಡಬ್ಬಿಯ ಕಥೆಯನ್ನು ಮಾವ ದಾನ ಮಾಡಿದವನ ಹಾಗೆ ಹೇಳಿದ. ಅವರು ಬೈಯಲಿಲ್ಲ, ಅಲ್ಲೇ ಕುಳಿತರು.

"ತಮ್ಮಾ, ಅರ್ಧ ತಿಂದ್ರೆ ಬಡಕಲು ಹುಳ ಸಾಯ್ತವೆ, ಗಟ್ಟಿಯವು ಉಳೀತವೆ. ಮುಂದೆ ಆ ಗಟ್ಟಿಯವುಗಳದ್ದೇ ಸಂತಾನ. ಎಲ್ಲರೂ ಹೀಂಗೇ ಮಾಡಿದ್ರೆ ಒಂದಿನ ಈ ಗುಳಿಗೆಗೆ ಅವು ಹೆದರೂದೇ ಇಲ್ಲ. ಆಗ ನಾ ಎಂತಾ ಕೊಡ್ಲಿ?"

ಮಾವನ ಮುಖ ಸಣ್ಣದಾಯಿತು. "ಹಂಗಾರೆ ನಂಗೆ ಈ ಗುಳಿಗೆ ಇನ್ನು ಹತ್ತೂದಿಲ್ವಾ?"

"ಹತ್ತತದೆ ಅಂದ್ಕಂಡೇ ಕೊಡ್ತೆ. ಆದ್ರೆ ಈ ಸಲ ಒಂದೂ ಬಿಡೂಕಾಗ."

"ಇಂವ ಬೋಟಿಗೆ ಹೋದ್ರೆ ನೋಡೂರು ಯಾರು, ಬಾಯೋರೇ?" ಎಂದಳು ಆಯಿ.

ನರ್ಸ್‌ಬಾಯಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನನ್ನ ದನಿ ತೆಗೀತ್ಯಂತಲ್ಲ? ಅದ್ನ ಕೆಲ್ಸಕ್ಕೆ ಹಚ್ಚು."

ನನ್ನ ಕಿವಿ ಬಿಸಿಯಾಯಿತು. ಆದರೂ ಬೋಟು ನಡೆಸುವ ತಾಂಡೇಲನ ಫೋನಿನಲ್ಲಿ ಅವರ ದನಿ ತೆಗೆದು ರೆಕಾರ್ಡ್ ಮಾಡಿ ಕೊಟ್ಟೆ: "ಗುಳಿಗೆ ತಿಂದ್ಯಾ? ಬಾಯಿ ತೆಗಿ. ನಾಲ್ಗೆ ಎತ್ತು." ಮಾವ ಬೋಟು ಹತ್ತಿದ ಮೇಲೆ ದಿನವೂ ಊಟವಾದೊಡನೆ ತಾಂಡೇಲ ಅದನ್ನು ಹಾಕುತ್ತಿದ್ದ, ಬೋಟಿಗೆ ಬೋಟೇ ಬಂದು ಮಾವನ ಬಾಯೊಳಗೆ ಇಣುಕುತ್ತಿತ್ತು. ಚಳಿ ಎಂದು ಎರಡು ನುಂಗಿದ್ದವನು ತಾನಾಗಿಯೇ ಹೋಗಿ ರಕ್ತ ಕೊಟ್ಟು ಬಂದ.

ಹದಿನಾಲ್ಕೂ ಮುಗಿದವು. ಆಮೇಲೆ ಎರಡು ಸಲ ರಕ್ತ ನೋಡಿದರು, ಏನೂ ಇರಲಿಲ್ಲ. ಹುಳಗಳು ಇನ್ನೂ ಈ ಗುಳಿಗೆಗೆ ಹೆದರುತ್ತವೆ.

ಈಗಲೂ ತಾಂಡೇಲ ಫೋನ್ ಕೈಗೆತ್ತಿಕೊಂಡರೆ ಸಾಕು, ಯಾರ ಕರೆ ಬಂದಿದ್ದರೂ ಮಾವ ಬಾಯಿ ತೆರೆದು ನಾಲಿಗೆ ಎತ್ತುತ್ತಾನಂತೆ. ಅದನ್ನೂ ನಾನು ಮಾಡಿ ತೋರಿಸುತ್ತೇನೆ. ಎಲ್ಲರಿಗಿಂತ ಜೋರಾಗಿ ನಗುವವನು ಮಾವನೇ.