ಮಡಿಲಿಗೊಂದು ಪಂಚೆ

ಹುಟ್ಟಿದ್ದು ಜಯನಗರದಲ್ಲೇ ಆದರೂ ಪಾಸ್‌ಪೋರ್ಟಿನ ಪ್ರಕಾರ ಬೆಂಗಳೂರು ನನಗೆ ಪರದೇಶ. ದತ್ತು ಮಗಳನ್ನು ಕರೆದೊಯ್ಯುವ ಕಾಗದಪತ್ರಕ್ಕಾಗಿ ಕಾಯುತ್ತಾ, ಹೆಂಡತಿ ಮತ್ತು ನಾನು ಜರಗನಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಹತ್ತು ತಿಂಗಳ ಮಗು ಹೆಂಡತಿಯ ಸೀರೆ ಬಿಡುತ್ತಿರಲಿಲ್ಲ. ನಾನು ಎತ್ತಿಕೊಂಡರೆ ಕಿರುಚುತ್ತಿತ್ತು. ನಾನು ಅದಕ್ಕೆ ಬೇಡವೇನೋ ಎಂದು ಒಳಗೊಳಗೇ ಹೆದರಿದ್ದೆ.

ಒಂದು ದಿನ ಓನರ್ ಆಂಟಿ ನೋಡಿ ನಕ್ಕರು. "ಪ್ಯಾಂಟ್ ಹಾಕ್ಕೊಂಡು ಕೂತ್ರೆ ಮಡಿಲೆಲ್ಲಿಂದ ಬರುತ್ತೆ ಸಾರ್? ಆಶ್ರಮದ ಆಯಾಗಳ ಸೀರೆ ಮೇಲೆ ಬೆಳೆದಿರೋ ಮಗು ಅದು. ತಗೊಳ್ಳಿ, ನಮ್ಮೆಜಮಾನ್ರ ಪಂಚೆ."

ಉಟ್ಟು ಚಕ್ಕಳಮಕ್ಕಳ ಹಾಕಿ ಕೂತೆ. ಮಗು ಆ ಬಟ್ಟೆಯ ತಗ್ಗಿನಲ್ಲಿ ಸ್ವಲ್ಪ ಮಿಸುಕಾಡಿ, ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋಯಿತು. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ.

ಸಂಜೆ ಯಜಮಾನರು ಪಂಚೆ ಹುಡುಕಿಕೊಂಡು ಬಂದರು. ಬಾಗಿಲಲ್ಲೇ ನಿಂತು, "ಇರ್ಲಿ ಬಿಡಿ" ಎಂದು ಪಿಸುಗುಟ್ಟಿ ಹೋದರು.

ನಾನದನ್ನು ವಾಪಸ್ ಕೊಡಲೇ ಇಲ್ಲ. ಮಗಳ ಜೊತೆ ಅದೂ ದೇಶ ಬಿಟ್ಟಿತು. ಅದಕ್ಕೆ ಮಾತ್ರ ಯಾರೂ ಕಾಗದ ಕೇಳಲಿಲ್ಲ.