ಬಾವಿಯ ಆಮೆ, ಬಯಲಿನ ಆಮೆ

ಕಲಬುರ್ಗಿಯ ಗಾಜಿಪುರದಲ್ಲಿದ್ದ ಯಂಕಪ್ಪನ ಕಸುಬು ಬಾವಿಗಳ ಹೂಳೆತ್ತುವುದು. ಹೂಳೆತ್ತಿದ ಬಾವಿಗೆ ಕೊನೆಗೊಂದು ಆಮೆ ಬಿಡುತ್ತಿದ್ದ. ಅದು ಹುಳಹುಪ್ಪಡಿ ತಿಂದು ನೀರನ್ನು ತಿಳಿಯಾಗಿಡುತ್ತದೆಂದು ಅವನಪ್ಪ ಹೇಳಿದ್ದ. ಅವನ ಹಿತ್ತಲ ಬಾವಿಯಲ್ಲೂ ಒಂದಿತ್ತು. ಆಮೆಯೆಂದರೆ ನೀರಿನದು, ಯಂಕಪ್ಪನಿಗೆ ಗೊತ್ತಿದ್ದದ್ದು ಅಷ್ಟೇ.

1948ರ ಪೊಲೀಸ್ ಕಾರ್ಯಾಚರಣೆಯ ದಿನಗಳು; ಊರೂರಲ್ಲಿ ಗಲಭೆ, ಕೊಲೆ. ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋಗಿದ್ದ ಪಕ್ಕದ ಮನೆಯ ಕರೀಂಸಾಬ್ ತಿರುಗಿ ಬಂದಿರಲಿಲ್ಲ. ಅವನನ್ನು ಹುಡುಕಲು ಹೊರಟ ಹೆಂಡತಿ ಇಮಾಮಬಿ, ಗಂಡ ಅಲ್ಲಿನ ತೋಟದಿಂದ ತಂದು ಸಾಕಿದ್ದ ಚುಕ್ಕಿಬೆನ್ನಿನ ಆಮೆಯನ್ನು ಯಂಕಪ್ಪನ ಕೈಗಿಟ್ಟಳು. ಬಂಡಿ ಹತ್ತಿದ ಮೇಲೆ ಹಿಂದಕ್ಕೆ ತಿರುಗಿ ಏನೋ ಕೂಗಿದಳು. ಮಿಲಿಟರಿ ಲಾರಿಗಳ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು 'ಪಾನಿ' ಎಂಬುದೊಂದೇ.

ನೀರಿಗೆ ಬಿಡು ಎಂದಿರಬೇಕೆಂದು ಆಮೆಯನ್ನು ಬುಟ್ಟಿಯಲ್ಲಿಟ್ಟು ಬಾವಿಗೆ ಇಳಿಬಿಟ್ಟ. ಒಂಟಿ ಆಮೆಗೆ ಜೊತೆಯಾಯಿತೆಂದು ಖುಷಿಯೂ ಪಟ್ಟ.

ನೀರು ಸೇದಲು ಬಂದ ಹೆಂಡತಿ ಮಾನಮ್ಮ ಬಗ್ಗಿ ನೋಡಿದಳು. ಹೊಸ ಆಮೆ ಗೋಡೆಗೆ ಉಗುರು ಹಾಕಿ ಜಾರುತ್ತಿತ್ತು. ಹಳೆಯದು ಅದರ ಹಿಂಗಾಲಿಗೆ ಬಾಯಿ ಹಾಕುತ್ತಿತ್ತು.

"ಇದಕ್ಕ ಈಸು ಬರಂಗಿಲ್ರಿ. ಕಾಲು ನೋಡ್ರಿ, ಆನಿ ಕಾಲು ಇದ್ದಂಗವ."

"ಆಮಿಗೆ ಈಸು ಯಾರು ಕಲಸ್ಬೇಕು, ನಿಮ್ಮಪ್ಪನ?" ಎಂದು ನಗುತ್ತ ಬಂದ ಯಂಕಪ್ಪ ಬಗ್ಗಿದಾಗ ಅಲ್ಲಿ ಬರೀ ಗುಳ್ಳೆಗಳಿದ್ದವು.

ಅಂಗಿ ಸಹಿತ ಧುಮುಕಿದ. ಮಳೆಗಾಲದ ಬಾವಿ, ತುಂಬಿತ್ತು. ತಳದ ಕೆಸರಿನಲ್ಲಿ ಕೈಗೆ ಕಲ್ಲು ಸಿಕ್ಕಿತು, ಒಡೆದ ಕೊಡ ಸಿಕ್ಕಿತು. ಉಸಿರು ಕಟ್ಟಿ ಮೇಲೆ ಬಂದು ಮತ್ತೆ ಮುಳುಗಿದ. ಆಮೆ ಸಿಕ್ಕಾಗ ಅದರ ಕುತ್ತಿಗೆ ಜೋತುಬಿದ್ದಿತ್ತು.

ಮಾನಮ್ಮ ಅದನ್ನು ತಲೆಕೆಳಗಾಗಿ ಹಿಡಿದು ಕಾಲುಗಳನ್ನು ಮೆಲ್ಲಗೆ ಎಳೆದು ಒತ್ತಿದಳು. ಬಾಯಿಂದ ನೀರು ಸುರಿಯಿತು. ಅಲುಗಾಟವಿಲ್ಲ.

"ಗಂಡನ್ನ ಹುಡುಕ್ಲಕ್ಕ ಹೋಗ್ಯಾಳ. ಬಂದು ಆಮಿ ಎಲ್ಲದ ಅಂದ್ರ ಏನು ಹೇಳ್ತೀರಿ?"

ಯಂಕಪ್ಪ ಬಿಸಿಲಿನಲ್ಲಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಉಣ್ಣಲು ಕರೆದರೂ ಏಳಲಿಲ್ಲ. ಹೊತ್ತು ಇಳಿಯುವಾಗ ಒಂದು ಮುಂಗಾಲು ಮಣ್ಣು ಕೆರೆಯಿತು.

ಮುಂದಿನ ವಾರ ಇಮಾಮಬಿ ಬಂದಳು. ಒಬ್ಬಳೇ. ಹಿತ್ತಲಲ್ಲಿ ಹುಲ್ಲು ಮೇಯುತ್ತಿದ್ದ ಆಮೆಯ ಕಾಲಿನ ಗಾಯ ನೋಡಿದಳು.

"ಬಾವ್ಯಾಗ ಬಿಟ್ಟಿದ್ದೆ ಆಪಾ," ಎಂದ ಯಂಕಪ್ಪ, ತಲೆ ಎತ್ತದೆ. "ನೀ ಪಾನಿ ಅಂದಂಗ ಕೇಳ್ತು."

"ಪಾನಿ ಮೇ ನಕ್ಕೋ, ನೀರಾಗ ಬಿಡಬ್ಯಾಡ ಅಂದಿದ್ದೆ, ಭಾಯಿ."

ಆಮೆಯನ್ನೆತ್ತಿ ಸೆರಗಿನಲ್ಲಿ ಅದರ ಬೆನ್ನು ಒರೆಸಿದಳು. "ಇದಾದ್ರೂ ಉಳೀತಲ್ಲ," ಎಂದು ಅಲ್ಲೇ ಬಾವಿಕಟ್ಟೆಗೆ ಕುಸಿದು ಕೂತಳು. ಮಾನಮ್ಮ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಆಮೇಲೆ ಯಾರು ಬಾವಿಗೆಂದು ಆಮೆ ತಂದರೂ ಯಂಕಪ್ಪ ಮೊದಲು ಅದರ ಕಾಲು ನೋಡುತ್ತಿದ್ದ.