ಕೂಣಿಯ ಬಾಯಿ ತಿರುಗಿಸಿದ್ದು

ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ನನ್ನ ಗಂಡನಿಗೆ ಹೇಳಿದ್ದು ಇಷ್ಟೇ: "ಏನು ಕೇಳ್ತಾರೋ ಅದನ್ನ ಕೊಡಿ." ಶಿವಮೊಗ್ಗದಿಂದ ಹೊಸನಗರದವರೆಗೆ ಬಸ್ಸಿನಲ್ಲಿ ಗಂಡ ಆ ಮಾತನ್ನು ನನಗೆ ಮೂರು ಸಲ ಹೇಳಿದರು. ಅರ್ಥ ಮೊದಲ ಸಲಕ್ಕೇ ಆಗಿತ್ತು. ಅತ್ತೆಗೂ ಆಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು. ನಲವತ್ತು ವರ್ಷ ಎಲೆಯಡಿಕೆ, ಹೊಗೆಸೊಪ್ಪಿನ ಕವಳ ಹಾಕಿದ ಬಾಯಿ, ಒಳಗೆಲ್ಲ ಹುಣ್ಣು.

ಅಂದಿನಿಂದ ಅವರ ಹೊಟ್ಟೆಗೆ ಏನಾದರೂ ಸೇರಿಸುವುದೇ ನನ್ನ ಕೆಲಸವಾಯಿತು. ಗಂಜಿ ಮಾಡಿದೆ, ರಾಗಿ ಅಂಬಲಿ ಮಾಡಿದೆ, ಬಾಳೆಹಣ್ಣು ಕಿವುಚಿ ಕೊಟ್ಟೆ. ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದರು. ನಾನು ಸಿಡುಕುತ್ತಿದ್ದೆ. ನಾನು ಸಿಡುಕಿ ಎಂಬುದು ಊರಿಗೆಲ್ಲ ಗೊತ್ತು. ಅದನ್ನು ಊರಿಗೆಲ್ಲ ಸಾರಿದವರೂ ಅತ್ತೆಯೇ. ಘಟ್ಟದ ಕೆಳಗಿನಿಂದ ಸ್ಕೂಟರಿನಲ್ಲಿ ಮೀನು ತರುವವನ ಹತ್ತಿರ ಒಂದು ದಿನ ಸಮುದ್ರದ ಕೆಂಪು ಮೀನು ಕೊಂಡೆ. ಮುಳ್ಳು ಕಡಿಮೆ, ಮಾಂಸ ಮೆತ್ತಗೆ ಎಂದು ಅವನು ಹೊಗಳಿದ್ದ. ಅತ್ತೆ ನಾಲಿಗೆಯ ತುದಿಗೆ ತಾಗಿಸಿ ತಟ್ಟೆ ದೂಡಿದರು.

"ಐಸಿನ ವಾಸ್ನೆ ಮಾರಾಯ್ತಿ. ಹತ್ತುಮೀನು ಆಗಿದ್ರೆ ನಾಲ್ಕು ತುತ್ತು ಉಣ್ತಿದ್ದೆ."

ಅಂತೂ ಬಾಯಿಬಿಟ್ಟು ಏನೋ ಒಂದು ಕೇಳಿದರಲ್ಲ ಎಂದು ಖುಷಿಯಾಯಿತು. ಒಳಗೆ ಹೋಗಿ ತಟ್ಟೆ ತೊಳೆಯುವಾಗ ಹೊಳೆಯಿತು: ಹತ್ತುಮೀನನ್ನು ಈಗ ಎಲ್ಲಿಂದ ತರುವುದು?

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಾಗ ಶರಾವತಿ ಹಿನ್ನೀರಿನ ಮೀನುಗಳು ಹೊಟ್ಟೆ ತುಂಬ ತತ್ತಿ ಹೊತ್ತುಕೊಂಡು, ಹರಿವಿಗೆ ಎದುರಾಗಿ ನಮ್ಮ ಹಳ್ಳ ಹತ್ತುತ್ತಿದ್ದವು, ಅದಕ್ಕೇ ಹತ್ತುಮೀನು ಎಂಬ ಹೆಸರು. ಗದ್ದೆಯ ನೀರಿನಲ್ಲಿ ತತ್ತಿಯಿಟ್ಟು ಮತ್ತೆ ಇಳಿದು ಹೋಗುತ್ತಿದ್ದವು. ಹಿಡಿಯುವುದಕ್ಕೆ ಕೂಣಿ ಇಡುತ್ತಿದ್ದೆವು. ಬಿದಿರು ಕಡ್ಡಿಯಲ್ಲಿ ಹೆಣೆದ ಉದ್ದ ಬುಟ್ಟಿ ಅದು. ಬಾಯಿಯಿಂದ ಒಳಗೆ ಹೊಕ್ಕ ಮೀನು ಹೊರಗೆ ಬರಲಾರದು. ಊರವರೆಲ್ಲ ಕೂಣಿಯ ಬಾಯನ್ನು ಹಳ್ಳದ ಕೆಳಗಿನ ದಿಕ್ಕಿಗೆ ಮಾಡಿ, ಹತ್ತಿ ಬರುವ ಮೀನನ್ನೇ ಹಿಡಿಯುತ್ತಿದ್ದರು. ತತ್ತಿ ತುಂಬಿದ ಮೀನಿನ ರುಚಿಯೇ ಬೇರೆ ಎನ್ನುತ್ತಿದ್ದರು. ಅತ್ತೆ ಮಾತ್ರ ಬಾಯನ್ನು ಮೇಲಿನ ದಿಕ್ಕಿಗೆ ಇಡುತ್ತಿದ್ದರು, ತತ್ತಿಯಿಟ್ಟು ಇಳಿಯುವ ಮೀನಿಗೆ. ಊರವರು ನಗುತ್ತಿದ್ದರು. ಅತ್ತೆಯ ಮೀನು ಬಡಕಲು, ಅತ್ತೆಯೂ ಬಡಕಲು.

ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ, ಒಳ್ಳೆಯ ಸೊಸೆ ಎನ್ನಿಸಿಕೊಳ್ಳುವ ಆಸೆಗೆ ನಾನೇ ಹೋಗಿ ಕೂಣಿ ಇಟ್ಟು ಬಂದೆ, ಎಲ್ಲರ ಹಾಗೆ. ಅತ್ತೆ ಬಂದು ನೋಡಿದವರೇ ಕೂಣಿ ಎತ್ತಿ ಮೀನನ್ನೆಲ್ಲ ಹಳ್ಳಕ್ಕೆ ಸುರಿದುಬಿಟ್ಟರು.

"ಬಸುರೀನ ಹಿಡೀತಿಯಲ್ಲೇ! ನಿಂಗೆ ಈ ಮನೇಲಿ ಊಟಕ್ಕೆ ಕಮ್ಮಿ ಮಾಡಿದೀವಾ?"

ನೆರೆಮನೆಯವರ ಎದುರಿಗೇ ಅಂದರು. ಆ ದಿನ ಸಿಟ್ಟಿಗೆ ನಾನು ಊಟ ಮಾಡಲಿಲ್ಲ. ಆದರೆ ಕೂಣಿಯ ದಿಕ್ಕನ್ನು ಮತ್ತೆ ಯಾವತ್ತೂ ತಪ್ಪಿಸಲಿಲ್ಲ.

ಈಗ ಹಳ್ಳಕ್ಕೆ ಅಡ್ಡವಾಗಿ ಹೊಸ ರಸ್ತೆಯ ಮೋರಿ ಬಂದಿದೆ. ಅದರ ಪೈಪು ನೀರಿನಿಂದ ಸೊಂಟದೆತ್ತರದಲ್ಲಿದೆ. ಮೋರಿಯಾದ ವರ್ಷ ಮೀನುಗಳು ಅದಕ್ಕೆ ಹಾರಿ ಹಾರಿ ಸಿಮೆಂಟಿಗೆ ಬಡಿದು ಬೀಳುವುದನ್ನು ಕಣ್ಣಾರೆ ನೋಡಿದ್ದೆ. ಮೇಲಿನ ಜಮೀನಿನಲ್ಲೆಲ್ಲ ಶುಂಠಿ. ಅದಕ್ಕೆ ಹೊಡೆದ ಔಷಧಿ ಮೊದಲ ಮಳೆಗೇ ಹಳ್ಳಕ್ಕೆ ಇಳಿಯುತ್ತದೆ. ಆ ಜಮೀನಿನಲ್ಲಿ ನಾವು ಗೇಣಿಗೆ ಕೊಟ್ಟ ತುಂಡೂ ಒಂದಿದೆ. ಯಾರನ್ನು ಬೈಯಲಿ? ಕಳೆದ ಮೂರು ಮಳೆಗಾಲ ನಮ್ಮ ಕೂಣಿಯಲ್ಲಿ ಸಿಕ್ಕಿದ್ದು ತರಗೆಲೆ ಮತ್ತು ಒಂದು ಚಪ್ಪಲಿ.

ಆದರೂ ಮಳೆ ಹಿಡಿದ ದಿನ ಕೂಣಿ ಹೊತ್ತುಕೊಂಡು ಹೋಗಿ ಮೋರಿಯ ಕೆಳಗೆ ಇಟ್ಟೆ, ಬಾಯಿ ಮೇಲಕ್ಕೆ. ಮೂರು ದಿನ ಏನೂ ಬೀಳಲಿಲ್ಲ. ಹತ್ತಲಾಗದ ಮೀನು ಇಳಿಯುವುದಾದರೂ ಎಲ್ಲಿಂದ? ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಮೂರು ದಿನ ಬೇಕಾಯಿತು. ಅಷ್ಟರಲ್ಲಿ ಅತ್ತೆ ಗಂಜಿಯನ್ನೂ ಬಿಟ್ಟಿದ್ದರು. ಬೆಳಗ್ಗೆ ಎದ್ದರೆ ಒಂದೇ ಕೇಳುವುದು, "ಬಿತ್ತಾ?"

ನಾಲ್ಕನೆಯ ದಿನ ಮಧ್ಯಾಹ್ನ ಕೂಣಿಯ ಬಾಯಿ ತಿರುಗಿಸಿದೆ.

ಸಂಜೆಯೊಳಗೆ ಒಂದು ಬಿತ್ತು. ಒಂದೇ. ಗೇಣುದ್ದದ ಕೆಂಪು ರೆಕ್ಕೆಯ ಮೀನು, ಹೊಟ್ಟೆ ಬಿರಿಯುವಷ್ಟು ತುಂಬಿತ್ತು. ಬಿಟ್ಟುಬಿಡಲೇ ಎಂದು ಒಂದು ಗಳಿಗೆ ನೀರಿನಲ್ಲೇ ನಿಂತೆ. ಬಿಟ್ಟರೂ ಸಿಮೆಂಟಿಗೆ ಬಡಿದುಕೊಂಡು ಸಾಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜವೂ ಹೌದು. ಆದರೂ ಮನೆಗೆ ಬರುವಾಗ ಯಾರೂ ಎದುರಾಗದಿರಲಿ ಎಂದುಕೊಳ್ಳುತ್ತ, ಮೀನಿಗೆ ಸೆರಗು ಮುಚ್ಚಿಕೊಂಡು ಬಂದೆ.

ಬೂದಿ ಹಚ್ಚಿ, ಕಲ್ಲಿಗೆ ಉಜ್ಜಿ, ಹೊಟ್ಟೆ ಸೀಳಿದೆ. ಹಳದಿ ತತ್ತಿಯ ಎರಡು ಗಡ್ಡೆ ಅಂಗೈ ತುಂಬ ಬಂದವು. ಅದನ್ನು ಸಾರಿಗೆ ಹಾಕುವಂತಿರಲಿಲ್ಲ, ಅತ್ತೆಗೆ ಗೊತ್ತಾಗುತ್ತದೆ. ಕೋಳಿಗೆ ಎಸೆಯಲು ಮನಸ್ಸು ಬರಲಿಲ್ಲ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ, ಆದರೆ ಮಾಡಿದೆ: ತೆಂಗಿನ ಗೆರಟೆಯಲ್ಲಿ ಹಾಕಿಕೊಂಡು ಹೋಗಿ, ಮೋರಿಯನ್ನು ದಾಟಿ, ಮೇಲಿನ ಗದ್ದೆಯ ನೀರಿಗೆ ಬಿಟ್ಟು ಬಂದೆ.

ಆಮೇಲೆ ಸಾರು. ವಾಟೆಹುಳಿ ಹಾಕದೆ, ಮೆಣಸು ಹಾಕದೆ ಮೀನುಸಾರು ಮಾಡಿದ್ದು ಜನ್ಮದಲ್ಲಿ ಅದೇ ಮೊದಲು. ಹುಣ್ಣಿನ ಬಾಯಿಗೆ ಹುಳಿಯೂ ಉರಿ, ಖಾರವೂ ಉರಿ. ತೆಂಗಿನ ಹಾಲು, ಅರಿಶಿನ, ಒಂದು ಚಿಟಿಕೆ ಜೀರಿಗೆ, ಉಪ್ಪು. ಮಡಕೆಯಲ್ಲಿ ಸಣ್ಣ ಉರಿಗೆ ಇಟ್ಟು ಎದುರಿಗೇ ಕೂತೆ. ಪರಿಮಳಕ್ಕೆ ಅತ್ತೆ ಕೋಣೆಯಿಂದ "ಬಿತ್ತಾ?" ಎಂದು ಕೂಗಿದರು. ಆ ಧ್ವನಿಯಲ್ಲಿ ಹಳೆಯ ಜೋರಿತ್ತು.

ಅನ್ನ ಮೆದುವಾಗಿ ಕಿವುಚಿ, ಒಂದೊಂದೇ ಮುಳ್ಳು ತೆಗೆದು, ಗುಬ್ಬಿಗೆ ಕೊಡುವಷ್ಟು ಸಣ್ಣ ತುತ್ತು ಮಾಡಿ ಬಾಯಿಗೆ ಇಟ್ಟೆ. ನುಂಗಿದರು. ಎರಡನೆಯದನ್ನೂ ನುಂಗಿದರು. ನನಗೆ ಅಳು ಬರುವಷ್ಟು ಖುಷಿಯಾಯಿತು. ಮೂರನೆಯ ತುತ್ತು ಬಾಯಲ್ಲೇ ನಿಂತಿತು. ನಾಲಿಗೆಯಿಂದ ಏನನ್ನೋ ಹುಡುಕಿ, ಬೆರಳು ಹಾಕಿ ತೆಗೆದು, ನನ್ನ ಮುಂದೆ ಹಿಡಿದರು. ಸಾಸಿವೆಯಷ್ಟಿದ್ದ ಎರಡು ಕಾಳು ತತ್ತಿ.

"ಹತ್ತೋದನ್ನ ಹಿಡಿದ್ಯಾ?"

"ಹ್ಞೂಂ."

"ಉಳಿದ ತತ್ತಿ ಎಲ್ಲಿ?"

"ಮ್ಯಾಲಿನ ಗದ್ದೆ ನೀರಿಗೆ ಬಿಟ್ಟು ಬಂದೆ ಅತ್ತೆ."

ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನಕ್ಕರು, ನೋವಿಗೆ ಕೆನ್ನೆ ಹಿಡಿದುಕೊಂಡು ನಕ್ಕರು.

"ಸತ್ತ ಬಸುರಿ ಹೊಟ್ಟೇದು ಎಲ್ಲಾದ್ರೂ ಹುಟ್ತದೇನೇ, ಹುಚ್ಚಿ?"

ನಾನು ಇನ್ನೊಂದು ತುತ್ತು ಹಿಡಿದೆ. "ನಂಗೋಸ್ಕರ ಉಣ್ಣಿ. ಇದೊಂದೇ ಬಿದ್ದಿದ್ದು, ಬೇರೆ ಇಲ್ಲ."

"ಒಂದೇನಾ?" ಎಂದರು. ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಸಾಕು. ನೀನು ಉಣ್ಣು, ಹಾಳು ಮಾಡಬ್ಯಾಡ."

ಆಮೇಲೆ ಅವರು ನೀರು ಬಿಟ್ಟು ಬೇರೇನೂ ಕೇಳಲಿಲ್ಲ. ಮಳೆ ಬಿಡುವ ಮೊದಲೇ ಹೋದರು. ಸಾರು ಮಾಡಿದ ಆ ರಾತ್ರಿ ಅವರು ಗೋಡೆಯ ಕಡೆ ತಿರುಗಿ ಮಲಗಿದ ಮೇಲೆ ನಾನು ಅಲ್ಲೇ, ಅವರ ಬೆನ್ನ ಹಿಂದೆ ಕೂತು, ಮಡಕೆಯಲ್ಲಿ ಉಳಿದಿದ್ದನ್ನು ಅನ್ನಕ್ಕೆ ಹಾಕಿಕೊಂಡು ಉಂಡೆ. ಹುಳಿಯಿಲ್ಲ, ಖಾರವಿಲ್ಲ. ಹಾಳಾದ್ದು, ರುಚಿಯಾಗಿತ್ತು.